ವಿಸ್ಕಿಗೆ ಬೆರೆಸಿದ ಸುಟ್ಟ ಮಾವಿನಕಾಯಿ

೧೯೬೮ನೇ ಇಸವಿ, ಯುಗಾದಿ ಮುಗಿದು ಒಂದು ವಾರವಾಗಿತ್ತು. ನನಗಾಗ ಇಪ್ಪತ್ತಾರು ವರ್ಷ. ನಮ್ಮ ಮನೆಯವರು ರುದ್ರಪ್ಪ ಹಾನಗಲ್ಲಿನ ಒಂದು ಸರಕಾರಿ ಬಂಗಲೆಯಲ್ಲಿ ಅಡಿಗೆಯವರಾಗಿದ್ದರು. ಇಲಾಖೆ ಯಾವುದು ಎಂದು ಹೇಳುವುದಿಲ್ಲ, ಹೇಳಿ ಈಗ ಪ್ರಯೋಜನವೂ ಇಲ್ಲ. ಸುತ್ತಾಟಕ್ಕೆ ಬಂದ ಅಧಿಕಾರಿಗಳು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಬಂಗಲೆಯ ಹಿಂದೆ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ, ಎರಡು ಮಕ್ಕಳು. ಕಾಗದದ ಮೇಲೆ ಅಡಿಗೆಯವರು ನಮ್ಮವರು, ಆದರೆ ಪಲ್ಯದ ಒಗ್ಗರಣೆಯಿಂದ ಹಿಡಿದು ಹೋಳಿಗೆಯವರೆಗೆ ಕೈ ನನ್ನದು. ಅವರು ತಟ್ಟೆ ಒಯ್ದು ಕೊಡುತ್ತಿದ್ದರು, ಹೊಗಳಿಕೆ ಕೇಳಿ ಬರುತ್ತಿದ್ದರು. ಅದರ ಬಗ್ಗೆ ನನಗೆ ಆವರೆಗೂ ಸಿಟ್ಟಿರಲಿಲ್ಲ. ಸಂಸಾರ ಎಂದರೆ ಹಾಗೆಯೇ ಎಂದುಕೊಂಡಿದ್ದೆ.

ನಮ್ಮವರ ಕೆಲಸ ಆರು ವರ್ಷದಿಂದ ಹಂಗಾಮಿಯಾಗಿತ್ತು. ಯಾವಾಗ ಬೇಡ ಎಂದರೂ ಗಂಟು ಕಟ್ಟಬೇಕು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಬಂಗಲೆಗಳ ಮೇಲೆ ಒಬ್ಬ ಸಾಹೇಬರಿದ್ದರು. ಮೊದಲು ಸೈನ್ಯದಲ್ಲಿದ್ದವರಾದ್ದರಿಂದ ಎಲ್ಲರೂ ಅವರನ್ನು ಮಿಲಿಟರಿ ಸಾಹೇಬರು ಎನ್ನುತ್ತಿದ್ದರು. ನಮ್ಮ ಭಾಗದಲ್ಲಿ ಪಾನನಿಷೇಧ ತೆಗೆದು ಹೆಚ್ಚು ದಿನವಾಗಿರಲಿಲ್ಲ. ಮೊದಲು ಮುಚ್ಚಿಟ್ಟು ಕುಡಿಯುತ್ತಿದ್ದವರು ಈಗ ಬಾಟಲಿಯನ್ನು ಮೇಜಿನ ಮೇಲೆ ಇಡುತ್ತಿದ್ದರು. ಅಂಥದರಲ್ಲಿ ಬೆಳಗಾವಿಯಿಂದ ದೊಡ್ಡ ಸಾಹೇಬರು ಶಿಗ್ಗಾವಿ ಬಂಗಲೆಗೆ ಬರುತ್ತಾರೆ, ಅವರಿಗೊಂದು ಔತಣ ಆಗಬೇಕು ಎಂದಾಯಿತು. ಮಿಲಿಟರಿ ಸಾಹೇಬರು ಒಂದು ಸ್ಪರ್ಧೆ ಹೂಡಿದರು. ನಾಲ್ಕು ಬಂಗಲೆಯ ಅಡಿಗೆಯವರೂ ವಿಸ್ಕಿ ಬೆರೆಸಿದ ಒಂದೊಂದು ಹೊಸ ಪಾನೀಯ ಮಾಡಬೇಕು. ಯಾವ ಪುಸ್ತಕದಲ್ಲೂ ಇರಬಾರದು, ಯಾವ ಕ್ಲಬ್ಬಿನಲ್ಲೂ ಸಿಗಬಾರದು. ಗೆದ್ದವನಿಗೆ ಬೆಳ್ಳಿಯ ಬಟ್ಟಲು, ಅದರ ಜೊತೆಗೆ ಕೆಲಸ ಕಾಯಂ ಮಾಡಲು ದೊಡ್ಡ ಸಾಹೇಬರ ಶಿಫಾರಸು.

ನಮ್ಮವರು ಒಂದು ಬಾಟಲಿ ವಿಸ್ಕಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದು, ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, ತಲೆಗೆ ಕೈಹಚ್ಚಿ ಕುಳಿತರು.

"ನನಗ ಸೋಡಾ ಹಾಕೂದು ಒಂದು ಬಿಟ್ರ ಏನೂ ಗೊತ್ತಿಲ್ಲ. ನೀನ ಏನರ ದಾರಿ ತಗಿ" ಎಂದರು.

"ನಾ ಇದನ್ನ ಮುಟ್ಟಾಂಗಿಲ್ರಿ" ಎಂದೆ. ಕೊರಳಲ್ಲಿ ಲಿಂಗ ಇದ್ದವಳು ನಾನು. ನಮ್ಮ ತವರು ಹಿರೇಬೆಂಡಿಗೇರಿಯಲ್ಲಿ ಕುಡಿಯುವುದಿರಲಿ, ಶೆರೆ ಎಂಬ ಮಾತನ್ನೂ ಮನೆಯೊಳಗೆ ಆಡುತ್ತಿರಲಿಲ್ಲ.

"ಕಾಯಂ ಆಗೋದು ಬ್ಯಾಡೇನು?" ಎಂದರು. ನಾನು ಬಾಟಲಿಯನ್ನು ಅತ್ತೆಯ ಕಣ್ಣಿಗೆ ಬೀಳದ ಹಾಗೆ ಬಂಗಲೆಯ ಅಡಿಗೆಮನೆಗೆ ಒಯ್ದೆ.

ಮೊದಲ ದಿನ ಬಾಟಲಿ ಮುಟ್ಟಿದ ಕೈಯನ್ನು ಸೀಗೆಪುಡಿ ಹಚ್ಚಿ ತೊಳೆದೆ. ಎರಡನೇ ದಿನದಿಂದ ಅದನ್ನು ಬಿಟ್ಟೆ, ಯಾಕೆಂದರೆ ನನಗೆ ಕೆಲಸದ ಹುಚ್ಚು ಹತ್ತಿತ್ತು. ನಾನು ಅದನ್ನು ಕುಡಿಯುವ ಹಾಗಿಲ್ಲ, ನಾಲಿಗೆಗೆ ಮುಟ್ಟಿಸುವ ಹಾಗೂ ಇಲ್ಲ. ಇದ್ದದ್ದು ಮೂಗು ಒಂದೇ. ರುಚಿ ನೋಡಲು ನಮ್ಮವರಿದ್ದರು. ಆದರೆ ಅವರು ಏನು ಕೊಟ್ಟರೂ "ಚಲೋ ಐತಿ" ಎನ್ನುತ್ತಿದ್ದರು. ಹುಣಸೆಹಣ್ಣು ಹಾಕಿದೆ, ಉಪ್ಪಿನಕಾಯಿಯ ಭರಣಿ ತೊಳೆದ ನೀರಿನಂತೆ ವಾಸನೆ ಬಂತು. ಅದಕ್ಕೂ ಚಲೋ ಐತಿ. ಏಲಕ್ಕಿ ಹಾಕಿದೆ, ವಿಸ್ಕಿಗೂ ಏಲಕ್ಕಿಗೂ ಜಗಳ ಹತ್ತಿದಂತಾಯಿತು. ಅದಕ್ಕೂ ಚಲೋ ಐತಿ. ನಾಲ್ಕನೆಯ ಸಲ ಅವರ ಕೈಯಿಂದ ಗ್ಲಾಸು ಕಸಿದುಕೊಂಡು, "ನೀವು ಸುಮ್ನ ಹೊರಗ ಕುಂಡ್ರ್ರಿ" ಎಂದೆ.

ಆ ಮೇಲೆ ಒಬ್ಬಳೇ ಕುಳಿತು ಬಾಟಲಿಯ ಮುಚ್ಚಳ ತೆಗೆದು ನಿಧಾನವಾಗಿ ಮೂಸಿದೆ. ನನಗೆ ಆಲೆಮನೆ ನೆನಪಾಯಿತು. ಕೊಪ್ಪರಿಗೆಯ ತಳದಲ್ಲಿ ಬೆಲ್ಲ ಸ್ವಲ್ಪ ಸೀದಾಗ, ಅದರ ಕೆಳಗೆ ಹಸಿ ಕಟ್ಟಿಗೆ ಉರಿಯುವಾಗ ಬರುವ ವಾಸನೆ. ಇದರಲ್ಲಿ ಆಗಲೇ ಹೊಗೆ ಇದೆ, ಹೊಗೆಗೆ ಹೊಗೆಯೇ ಕೂಡಬೇಕು ಎಂದು ಹೊಳೆಯಿತು. ಬಂಗಲೆಯ ಹಿತ್ತಲಿನ ಮಾವಿನ ಮರದಲ್ಲಿ ಕಾಯಿಗಳು ಆಗಷ್ಟೇ ಹುಳಿ ತುಂಬಿಕೊಳ್ಳುತ್ತಿದ್ದವು. ನಾಲ್ಕು ಕಾಯಿ ಕೀಳಿಸಿ ಇದ್ದಿಲ ಮೇಲೆ ಸಿಪ್ಪೆ ಕರಿಯಾಗುವ ತನಕ ಸುಟ್ಟೆ. ಒಳಗಿನ ತಿರುಳನ್ನು ಕಿವುಚಿ, ಬೆಲ್ಲದ ನೀರಿಗೆ ಹಾಕಿ, ತೆಳುವಾದ ಬಟ್ಟೆಯಲ್ಲಿ ಸೋಸಿದೆ. ಜಜ್ಜಿದ ಕಾಳುಮೆಣಸು, ಹಸಿಶುಂಠಿಯ ರಸ, ಒಂದಿಷ್ಟು ಉಪ್ಪು. ಅದಕ್ಕೆ ವಿಸ್ಕಿ, ಮೇಲೆ ಗೋಲಿಸೋಡಾ. ಕೊನೆಗೆ ಸವಣೂರಿನ ಎಳೆ ವೀಳ್ಯದೆಲೆ ಒಂದನ್ನು ಅಂಗೈಯಲ್ಲಿ ತಟ್ಟಿ ಗ್ಲಾಸಿನ ಬಾಯಿಗೆ ಸಿಕ್ಕಿಸಿದೆ. ಮೂಸಿದೆ. ಮಾವು ಯಾವುದು, ವಿಸ್ಕಿ ಯಾವುದು ಎಂದು ಬೇರೆ ಮಾಡಲು ಬರಲಿಲ್ಲ. ಆಗಿದೆ ಎಂದು ಗೊತ್ತಾಯಿತು.

ನಮ್ಮವರನ್ನು ಕರೆದು ಕೊಟ್ಟೆ. ಒಂದು ಗುಟುಕು ಕುಡಿದರು. ಚಲೋ ಐತಿ ಎನ್ನಲಿಲ್ಲ. ಇನ್ನೊಂದು ಗುಟುಕು ಕುಡಿದು, ಗ್ಲಾಸನ್ನೇ ನೋಡುತ್ತ, "ಇದು ಏನು ಮಾಡೀದಿ ನೀನು?" ಎಂದರು. ಮದುವೆಯಾದ ಮೇಲೆ ಅವರು ನನ್ನನ್ನು ಅಷ್ಟು ಅಕ್ಕರೆಯಿಂದ ನೋಡಿದ್ದು ಅದೇ ಮೊದಲು ಇರಬೇಕು.

ಮಾವಿನಕಾಯಿ ಅಲ್ಲಿಯೇ ಸುಟ್ಟು ಬಿಸಿಯಾಗಿದ್ದಾಗಲೇ ಕಿವುಚಬೇಕು, ಹಿಂದಿನ ದಿನದ್ದು ಕಹಿ ಬರುತ್ತದೆ. ಆದ್ದರಿಂದ ನಾನೂ ಶಿಗ್ಗಾವಿಗೆ ಹೋಗಲೇಬೇಕಾಯಿತು. ತವರಿಗೆ ಹೋಗುತ್ತೇನೆಂದು ಅತ್ತೆಗೆ ಹೇಳಿ, ಮಕ್ಕಳನ್ನು ಅವರ ಹತ್ತಿರ ಬಿಟ್ಟು, ಬುಟ್ಟಿಯಲ್ಲಿ ಕಾಯಿ, ಬೆಲ್ಲ, ಎಲೆ ಇಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಮ್ಮವರು ಕಾಯಂ ಆದ ಮೇಲೆ ಏನೇನು ಮಾಡುವುದೆಂದು ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ. ಒಳಗೊಳಗೇ ನನಗೂ ಹಿಗ್ಗು ಇತ್ತು.

ಶಿಗ್ಗಾವಿ ಬಂಗಲೆಯ ಅಡಿಗೆಮನೆ ದೊಡ್ಡದು. ಹುಬ್ಬಳ್ಳಿಯಿಂದ ಕಟ್ಟಿಗೆಹೊಟ್ಟಿನಲ್ಲಿ ಮುಚ್ಚಿ ತಂದ ಬರ್ಫದ ಗಡ್ಡೆ ಒಂದು ಮೂಲೆಯಲ್ಲಿತ್ತು. ಹಿರೇಕೆರೂರಿನವನು ಎಳನೀರು ತಂದಿದ್ದ. ಶಿಗ್ಗಾವಿಯವನದು ನಿಂಬೆಹಣ್ಣು ಮತ್ತು ಶುಂಠಿ. ಸವಣೂರಿನ ಖಾನ್ಸಾಮ, ಎಂದರೆ ಅಡಿಗೆಯವರು, ಹುಸೇನಸಾಬರು, ಅರವತ್ತು ದಾಟಿದವರು, ಗುಲಾಬಿ ನೀರು ಹಾಕಿ ಏನೋ ಬಹಳ ನಾಜೂಕಾಗಿ ಮಾಡುತ್ತಿದ್ದರು. ನಾನು ಒಂದು ಮೂಲೆಯಲ್ಲಿ ಒಲೆಯ ಮುಂದೆ ಕುಳಿತು ಕಾಯಿ ಸುಟ್ಟೆ. ನೆರವಿಗೆ ಬಂದ ಹೆಂಗಸು ಎಂದು ಉಳಿದವರು ತಿಳಿದಿದ್ದರು. ಹುಸೇನಸಾಬರು ಮಾತ್ರ ಆಗಾಗ ನನ್ನ ಕೈಯ ಕಡೆ ನೋಡುತ್ತಿದ್ದರು.

ಹೊತ್ತು ಇಳಿಯುವಾಗ ಪಡಸಾಲೆಯಲ್ಲಿ ಸಾಹೇಬರುಗಳು ಸೇರಿದರು, ಹತ್ತು ಹನ್ನೆರಡು ಜನ. ನಾಲ್ಕು ಪಾನೀಯಗಳೂ ಹೋದವು. ಪಡಸಾಲೆಗೂ ಅಡಿಗೆಮನೆಗೂ ನಡುವೆ ಒಂದು ಬಾಗಿಲು, ಅದಕ್ಕೊಂದು ಪರದೆ. ನಾನು ಪರದೆಯ ಹಿಂದೆ ನಿಂತೆ. ದೊಡ್ಡ ಸಾಹೇಬರು ಮೈಸೂರು ಕಡೆಯವರು. ನಮ್ಮ ಗ್ಲಾಸು ಎತ್ತಿ ಕುಡಿದವರು ಬೇರೆ ಗ್ಲಾಸು ಮುಟ್ಟಲೇ ಇಲ್ಲ.

"ಇದು ಯಾರದ್ರೀ? ಎಂಥಾ ಪರಿಮಳ! ನಾನು ಬೊಂಬಾಯಲ್ಲೂ ಇಂಥದ್ದು ಕುಡಿದಿಲ್ಲ" ಎಂದರು. ನಾನು ಪರದೆಯ ಅಂಚು ಹಿಡಿದುಕೊಂಡೆ.

"ಹಾನಗಲ್ಲದ್ದ್ರಿ ಸರ್. ರುದ್ರಪ್ಪ, ಮುಂದ ಬಾ" ಎಂದರು ಮಿಲಿಟರಿ ಸಾಹೇಬರು.

"ಏನಪ್ಪಾ, ಇದು ನಿನಗೆ ಹೇಗೆ ಹೊಳೀತು? ಯಾರು ಹೇಳಿಕೊಟ್ರು?" ಎಂದರು ದೊಡ್ಡ ಸಾಹೇಬರು.

ನಮ್ಮವರು ನಿಮಿಷವೂ ತಡೆಯಲಿಲ್ಲ. "ಯಾರೂ ಇಲ್ರಿ ಸಾಹೇಬ್ರ. ನಂದ ತಲ್ಯಾಗ ಬಂತ್ರಿ. ನಾಕೈದು ದಿನ ನಿದ್ದಿಗೆಟ್ಟು ಕುಂತು ಮಾಡೇನ್ರಿ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪರದೆ ಹಿಡಿದುಕೊಂಡೇ ನಿಂತಿದ್ದೆ. ಹೆಂಡತಿ ಎಂದು ಹೇಳುವುದು ಬೇಡ, ಮನೆಯವರು ಕೂಡಿ ಮಾಡಿದೆವು ಎಂದರೂ ಸಾಕಿತ್ತು. ಕೇಳಿದ್ದು ಅಷ್ಟು ನೇರವಾಗಿ, ಯಾರು ಹೇಳಿಕೊಟ್ಟರು ಎಂದು. ಯಾರೂ ಇಲ್ಲ ಎಂದರು. ನಾನು ನಿದ್ದೆಗೆಟ್ಟದ್ದನ್ನೂ ಬಿಡದೆ ತಮ್ಮದು ಮಾಡಿಕೊಂಡರು. ಕಾಲಿನಿಂದ ತಲೆಯವರೆಗೆ ಬೆಂಕಿ ಏರಿದಂತಾಯಿತು.

ಅಷ್ಟರಲ್ಲಿ ಅವರು ನಗುತ್ತ ಒಳಗೆ ಓಡಿ ಬಂದರು. "ಗೆದ್ದಿವಿ! ಬಟ್ಟಲ ಕೊಡೂಕಿಂತ ಮೊದಲ ಎಲ್ಲಾರಿಗೂ ಇನ್ನೊಂದೊಂದು ಗ್ಲಾಸ್ ಬೇಕಂತ. ಲಗೂನ ಮಾಡು."

ನಾನು ಕೈ ತೊಳೆದು ಸೆರಗಿಗೆ ಒರೆಸಿಕೊಂಡೆ. "ನಿಮ್ಮ ತಲ್ಯಾಗ ಬಂದೈತೆಲ್ರಿ. ನೀವ ಮಾಡ್ರಿ" ಎಂದೆ.

ಅವರ ನಗು ನಿಂತಿತು. "ಏನು ಹುಚ್ಚು ಹಿಡದೈತೇನು? ಹೊರಗ ಕಾಯಾಕತ್ತಾರ."

"ಕಾಯ್ಲಿ."

"ಕೈ ಮುಗೀತೇನಿ. ಮನಿಗೆ ಹೋಗಿ ಜಗಳ ಮಾಡು. ಇದು ಜಾಗಾ ಅಲ್ಲ."

"ನನ್ನ ಹೆಸರು ನುಂಗಾಕ ಜಾಗಾ ಆತು, ಕೇಳಾಕ ಜಾಗಾ ಅಲ್ಲೇನ್ರಿ?"

ನಾವು ದನಿ ಎತ್ತಿದ್ದೆವೆಂದು ಕಾಣುತ್ತದೆ. ಪರದೆ ಸರಿಸಿ ಮಿಲಿಟರಿ ಸಾಹೇಬರು ಬಂದರು. ಅವರ ಹಿಂದೆ ದೊಡ್ಡ ಸಾಹೇಬರು, ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ. ಬಾಗಿಲ ತುಂಬ ಜನ.

"ಏನದು ಗದ್ಲ?" ಎಂದರು ಮಿಲಿಟರಿ ಸಾಹೇಬರು.

ನಮ್ಮವರು ತಲೆ ತಗ್ಗಿಸಿದರು. ನಾನೇ ಹೇಳಿದೆ: "ಅದನ್ನ ಮಾಡಿದಾಕಿ ನಾನ್ರಿ ಸಾಹೇಬ್ರ. ಇವ್ರಿಗೆ ಮಾಡಾಕ ಬರಾಂಗಿಲ್ಲ. ಬೇಕಾದ್ರ ಈಗ ಮಾಡ್ಸಿ ನೋಡ್ರಿ."

ಮಿಲಿಟರಿ ಸಾಹೇಬರ ಮುಖ ಕೆಂಪಾಯಿತು. ನನ್ನನ್ನು ನೋಡದೆ ನಮ್ಮವರಿಗೆ ಹೇಳಿದರು: "ರುದ್ರಪ್ಪ, ಸ್ಪರ್ಧಾ ಇದ್ದದ್ದು ಖಾನ್ಸಾಮಗಳಿಗೆ. ಹೆಂಗಸರ ಕಡಿಂದ ಮಾಡಿಸಿ ತಂದದ್ದು ನಡಿಯೂದಿಲ್ಲ. ಹಾನಗಲ್ಲ ಬಾದ್, ಸ್ಪರ್ಧಾದಾಗ ಇಲ್ಲ."

"ಕುಡಿಯೂ ಮುಂದ ಅದು ಹೆಂಗಸಿನ ಕೈದು ಅಂತ ನಾಲಿಗಿಗೆ ಗೊತ್ತಾತೇನ್ರಿ?" ಎಂದೆ. ಅಂಥ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಸಾಹೇಬರ ಮುಂದೆ ನಾನು ಅದುವರೆಗೂ ತಲೆ ಎತ್ತಿದವಳಲ್ಲ.

ಆಗ ದೊಡ್ಡ ಸಾಹೇಬರು ನಕ್ಕರು. ಕೆಟ್ಟ ಮನುಷ್ಯನ ನಗುವೇನಲ್ಲ. ಮಕ್ಕಳನ್ನು ರೇಗಿಸುವಾಗ ನಗುತ್ತಾರಲ್ಲ, ಹಾಗೆ. "ಅಲ್ಲಮ್ಮಾ, ಮಾಡಿದ್ದು ನೀನು ಅಂತೀಯ. ಹಾಗಾದ್ರೆ ರುಚಿ ನೋಡಿದ್ದು ಯಾರು? ನೀನೂ ದಿನಾ ಒಂದಿಷ್ಟು ಹಾಕ್ಕೋತೀಯೇನು?"

ಬಾಗಿಲಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗದೆ ನಿಂತವರು ಹುಸೇನಸಾಬರೊಬ್ಬರೇ. ನಾನು ನಮ್ಮವರ ಮುಖ ನೋಡಿದೆ. ಅವರೂ ನಗುತ್ತಿದ್ದರು. ಹೆದರಿ ನಕ್ಕರೋ, ಸಾಹೇಬರಿಗೆ ಮೆಚ್ಚಲೆಂದು ನಕ್ಕರೋ, ನಕ್ಕದ್ದಂತೂ ನಿಜ.

ನನ್ನ ಮುಂದಿನ ಕಟ್ಟೆಯ ಮೇಲೆ ಮೊದಲ ಸುತ್ತಿನ ಒಂದು ಗ್ಲಾಸು ಉಳಿದಿತ್ತು, ಯಾರೂ ಮುಟ್ಟದ್ದು. ಅದನ್ನು ಎತ್ತಿಕೊಂಡೆ. ಎಲ್ಲರ ಮುಂದೆ, ಸೆರಗನ್ನೂ ಅಡ್ಡ ಹಿಡಿಯದೆ, ಒಂದು ಗುಟುಕು ಕುಡಿದೆ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು, ಆದರೂ ಉಗುಳಲಿಲ್ಲ. ಬಾಯಿಯೊಳಗೆ ಮಾವು ಬಂತು, ಹೊಗೆ ಬಂತು, ಹಿಂದಿನಿಂದ ಮೆಣಸು ಬಂತು. ಮೂಗಿನಲ್ಲಿ ನಾನು ಕಟ್ಟಿದ್ದೆಲ್ಲ ಇಟ್ಟಲ್ಲೇ ಇತ್ತು. ಗ್ಲಾಸು ಕೆಳಗಿಟ್ಟು ದೊಡ್ಡ ಸಾಹೇಬರಿಗೆ ಹೇಳಿದೆ:

"ರುಚಿ ನೋಡಿದ್ದು ಈಗರಿ, ಮೊದಲನೇ ಸಲ. ಉಪ್ಪು ಒಂದು ಚಿಟಿಕಿ ಕಡಿಮಿ ಆಗೇತಿ. ಉಳದದ್ದು ಸರಿ ಐತ್ರಿ."

ಯಾರೂ ನಗಲಿಲ್ಲ. ದೊಡ್ಡ ಸಾಹೇಬರು ಕೈಯಲ್ಲಿದ್ದ ಗ್ಲಾಸನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ನಿಂತು, ಕೊನೆಗೆ ಹೊರಟುಹೋದರು. ಉಳಿದವರೂ ಒಬ್ಬೊಬ್ಬರಾಗಿ ಪರದೆಯಾಚೆ ಸರಿದರು.

ಬೆಳ್ಳಿಯ ಬಟ್ಟಲು ಹುಸೇನಸಾಬರಿಗೆ ಸಿಕ್ಕಿತು. ನಾನು ಬುಟ್ಟಿ ಕಟ್ಟಿಕೊಳ್ಳುತ್ತಿದ್ದಾಗ ಅವರು ಬಟ್ಟಲನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದರು. ಸಮಾಧಾನ ಹೇಳಲು ಬಂದರೆಂದು ನಾನು ಮುಖ ತಿರುಗಿಸಿದೆ.

"ಬೇಟಿ, ಕಾಯಿ ಸುಟ್ಟದ್ದು ಕುಳ್ಳಿನ ಮ್ಯಾಲೋ, ಇದ್ದಲೀ ಮ್ಯಾಲೋ?" ಎಂದರು.

"ಇದ್ದಲೀ ಮ್ಯಾಲ್ರಿ ಚಾಚಾ. ಕುಳ್ಳಿಂದು ಸಗಣಿ ವಾಸನಿ ಹಿಡೀತೈತಿ."

"ಬರೋಬರಿ. ನಾನೂ ಹಂಗ ಅನ್ಕೊಂಡಿದ್ದೆ. ಮತ್ತ ಯಾಲಕ್ಕಿ?"

"ಹಾಕಿ ನೋಡಿದೆ. ಕೂಡಲಿಲ್ಲ."

"ಕೂಡಾಂಗಿಲ್ಲ" ಎಂದು ತಲೆ ಅಲ್ಲಾಡಿಸಿದರು. "ನಲವತ್ತು ವರ್ಷ ಆತು ನಾ ಒಲಿ ಮುಂದ ನಿಂತು. ಇವತ್ತ ಗೆದ್ದದ್ದು ನಂದಲ್ಲ ಅನ್ನೂದು ನನಗ ಗೊತ್ತೈತಿ." ಅಷ್ಟು ಹೇಳಿ ಹೊರಟರು. ಬಟ್ಟಲನ್ನು ನನಗೆ ಕೊಡಲು ಬರಲಿಲ್ಲ. ಬಂದಿದ್ದರೂ ನಾನು ಮುಟ್ಟುತ್ತಿರಲಿಲ್ಲ. ಆ ದಿನ ಒಬ್ಬ ಅಡಿಗೆಯವ ಇನ್ನೊಬ್ಬಳು ಅಡಿಗೆಯವಳ ಜೊತೆ ಮಾತಾಡಿದಂತೆ ನನ್ನ ಜೊತೆ ಮಾತಾಡಿದವರು ಅವರೊಬ್ಬರೇ. ಇವತ್ತಿಗೂ ಅವರನ್ನು ನೆನೆದರೆ ಮನಸ್ಸು ತಂಪಾಗುತ್ತದೆ. ಉಳಿದವರನ್ನು ನೆನೆದರೆ ಇಲ್ಲ.

ಹಾನಗಲ್ಲಿನಲ್ಲಿ ಬಸ್ಸಿಳಿದ ಮೇಲೆ ನಮ್ಮವರು, "ನಿನ್ನ ಸಿಟ್ಟು ನಮ್ಮನ್ನ ಬೀದಿಗೆ ತಂತು" ಎಂದರು. ಸುದ್ದಿ ನಮಗಿಂತ ಮೊದಲೇ ಊರು ಸೇರಿದಂತಿತ್ತು. ಎರಡು ದಿನದಲ್ಲಿ ಅತ್ತೆಗೆ ಗೊತ್ತಾಯಿತು. "ಸಾಹೇಬ್ರ ಮುಂದ ಶೆರೆ ಕುಡದು ಬಂದಾಕಿ" ಎಂದು ನನ್ನ ಕೈಯ ನೀರು ಬಿಟ್ಟರು. ಅಕ್ಕಿಆಲೂರಿನ ಸಂತೆಯಲ್ಲಿ ಗುರುತಿನ ಹೆಂಗಸೊಬ್ಬಳು ಬದನೆಕಾಯಿ ಆರಿಸುತ್ತಲೇ, "ಹೌದೇನವಾ, ಭಾಳ ರುಚಿ ಇರ್ತೈತಂತಲ್ಲ?" ಎಂದು ಕೇಳಿದಳು. ದಿನವೂ ಲಿಂಗಪೂಜೆಗೆ ಕುಳಿತಾಗ ಮಂತ್ರ ತಪ್ಪುತ್ತಿತ್ತು. ಪಾಪ ಮಾಡಿದೆನೆಂಬ ಹೆದರಿಕೆಗಲ್ಲ, ಸಿಟ್ಟಿಗೆ. ಕುಡಿದು ನಕ್ಕವರು ಮರ್ಯಾದಸ್ಥರಾಗಿಯೇ ಉಳಿದರು, ಒಂದು ಗುಟುಕು ಕುಡಿದ ನಾನು ಕುಡುಕಿಯಾದೆ.

ಒಂದು ತಿಂಗಳಲ್ಲಿ ನಮ್ಮವರನ್ನು ಹಿರೇಕೆರೂರಿಗೆ ಹಾಕಿದರು, ಹಂಗಾಮಿಯಾಗಿಯೇ. ಹೊರಡುವ ಮುಂಚೆ ನಡೆದದ್ದನ್ನು ಮಾತ್ರ ನಾನು ಸಾಯುವ ತನಕ ಕ್ಷಮಿಸಲಾರೆ. ಮಿಲಿಟರಿ ಸಾಹೇಬರು ಹೇಳಿ ಕಳಿಸಿದರು, ಆ ಪಾನೀಯ ಮಾಡುವ ರೀತಿಯನ್ನು ಬರೆದು ಕೊಟ್ಟು ಹೋಗಬೇಕು, ದೊಡ್ಡ ಸಾಹೇಬರು ಕೇಳಿದ್ದಾರೆ ಎಂದು. ಹೆಂಗಸಿನ ಕೈ ನಡೆಯುವುದಿಲ್ಲ, ಆ ಕೈ ಮಾಡಿದ್ದು ಮಾತ್ರ ಬೇಕು! ನಾನು ಹೇಳಲಿಲ್ಲ. ನಮ್ಮವರು ತಾವು ಕಂಡಷ್ಟನ್ನು ಬರೆದು ಕೊಟ್ಟರು. ಆ ಮೇಲೆ ಹಾನಗಲ್ಲ ಬಂಗಲೆಯಲ್ಲಿ ಬಂದ ಅತಿಥಿಗಳಿಗೆಲ್ಲ ಅದನ್ನು ಕೊಡುತ್ತಿದ್ದರೆಂದು, ಮಿಲಿಟರಿ ಸಾಹೇಬರು ಕಂಡುಹಿಡಿದದ್ದೆಂದು ಹೇಳುತ್ತಿದ್ದರೆಂದು ಹಿರೇಕೆರೂರಿಗೂ ಸುದ್ದಿ ಬಂತು.

ಕಾಯಂ ಆಗಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ, ನೀನು ಸುಮ್ಮನಿದ್ದಿದ್ದರೆ ಎಂದು ಮನೆಯಲ್ಲಿ ಅನ್ನದವರಿಲ್ಲ. ನಾನೂ ಒಮ್ಮೊಮ್ಮೆ ಅಂದುಕೊಂಡದ್ದುಂಟು. ಮಕ್ಕಳ ಶಾಲೆಯ ಅಂಗಿ ಹರಿದಾಗ, ಯಾವಾಗ ತೆಗೆದುಹಾಕುತ್ತಾರೋ ಎಂದು ಹೆದರಿ ನಮ್ಮವರು ಜ್ವರದಲ್ಲೂ ಕೆಲಸಕ್ಕೆ ಹೋದಾಗ. ಹತ್ತು ಗ್ಲಾಸು ಮಾಡಿ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದ್ದೇನೆ. ಪ್ರತಿ ಸಲವೂ ಆ ನಗು ಕಿವಿಗೆ ಬರುತ್ತದೆ, ಲೆಕ್ಕ ಅಲ್ಲಿಗೇ ನಿಲ್ಲುತ್ತದೆ.

ನಮ್ಮವರು ಕೆಟ್ಟವರಲ್ಲ. ನಿವೃತ್ತರಾದ ಮೇಲೆ ಒಂದು ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತಿದ್ದಾಗ ಪಕ್ಕದಲ್ಲಿ ಬಂದು ಕುಳಿತರು. ಜೋಳದಿಂದ ಒಂದೆರಡು ಕಲ್ಲು ಆರಿಸಿ ತೆಗೆದು, "ಅವತ್ತ ಶಿಗ್ಗಾವ್ಯಾಗ ನಾ ಹೇಳಬೇಕಾಗಿತ್ತು, ಇದನ್ನ ಇಕಿ ಮಾಡ್ಯಾಳಂತ" ಎಂದರು.

"ಯಾರ ಮುಂದ ಹೇಳಬೇಕಾಗಿತ್ತು?" ಎಂದೆ.

"ಅಲ್ಲೆ, ಎಲ್ಲಾರ ಮುಂದ."

"ಈಗ ಯಾರ ಮುಂದ ಹೇಳಾಕತ್ತೀರಿ?"

ಅವರು ಸುತ್ತ ನೋಡಿದರು. ನಾವಿಬ್ಬರೇ ಇದ್ದೆವು. ಎದ್ದು ಹೊರಗೆ ಹೋದರು. ಆ ಮಾತನ್ನು ಮತ್ತೆ ತೆಗೆಯಲಿಲ್ಲ. ಅವರು ತೀರಿಕೊಂಡು ಈಗ ಒಂಬತ್ತು ವರ್ಷವಾಯಿತು.

ಹಳೆಯದನ್ನು ಯಾಕೆ ಕೆದಕುತ್ತೀ, ಅಪ್ಪನ ಮಾನ ಹೋಗುತ್ತದೆ ಎಂದು ಮಗ ಹೇಳಿದ. ಹೋಗಲಿ ಬಿಡು, ನನ್ನದು ಅಂದೇ ಹೋಗಿದೆ ಎಂದೆ. ನಾನು ಮುಲ್ಕಿ, ಅಂದರೆ ಏಳನೇ ಇಯತ್ತೆ, ಪಾಸಾದವಳು, ನನ್ನ ಕೈಯಿಂದಲೇ ಇದನ್ನು ಬರೆದಿದ್ದೇನೆ. ಸಿಟ್ಟು ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಹೆಸರು ನೀಲವ್ವ. ಅದನ್ನು ಮಾಡಿದವಳು ನಾನು.